ನೆರಿಗೆ ಹಿಡಿದ ಮತಪತ್ರ

ಮಿನ್ಸ್ಕ್, ಬೆಲಾರುಸ್, 17 ಆಗಸ್ಟ್ 2020

ತಾತ, ನಿಮಗೆ ಮೊಮ್ಮಗಳ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ, ಅಮ್ಮನಿಗೆ ಮೊದಲು ಇದನ್ನು ಓದಿ ಹೇಳಿ. ಇಲ್ಲಿನ ಅಧ್ಯಕ್ಷ ಚುನಾವಣೆಯ ಮತದಾನದ ದಿನ, 9ರಂದು, ನಿಂತುಹೋದ ಇಂಟರ್ನೆಟ್ ಸುಮಾರು ಮೂರು ದಿನ ಸರಿಯಾಗಿ ಬರಲೇ ಇಲ್ಲ. ಬಸವನಗುಡಿಯಲ್ಲಿ ನೀವೆಲ್ಲ ಊಟ ಬಿಟ್ಟು ಕಾದಿದ್ದಿರಿ ಎಂದು ಅಪ್ಪ ಹೇಳಿದಾಗ ಅಳು ತಡೆಯಲಾಗಲಿಲ್ಲ.

ಅಂದು ಬೆಳಿಗ್ಗೆ ನಮ್ಮ ಮನೆಯೊಡತಿ ಅಜ್ಜಿ ನನ್ನಿಂದ ಬ್ಯಾಂಡೇಜ್ ಬಟ್ಟೆ ಕೇಳಿ ಪಡೆದು ಮಣಿಕಟ್ಟಿಗೆ ಕಟ್ಟಿಕೊಂಡರು. ಸ್ವೆಟ್ಲಾನಾ ಟಿಖಾನೊವ್ಸ್ಕಾಯಾ ಅವರ ಕಡೆಯವರ ಗುರುತು ಆ ಬಿಳಿ ಪಟ್ಟಿ. ಸ್ಪರ್ಧಿಸಲು ಹೊರಟ ಗಂಡ ಜೈಲು ಸೇರಿದ ಮೇಲೆ ಆತನ ಬದಲು ನಿಂತವರು ಅವರು. ಮತಪತ್ರ ಮಡಿಸುವುದನ್ನು ಅಜ್ಜಿ ಹಳೆಯ ಕಾಗದದಲ್ಲಿ ತೋರಿಸಿದರು: ಸೀರೆಗೆ ನೆರಿಗೆ ಹಿಡಿದ ಹಾಗೆ, ಸಣ್ಣ ಸಣ್ಣದಾಗಿ. ಪೆಟ್ಟಿಗೆ ಪಾರದರ್ಶಕ, ಟಿಖಾನೊವ್ಸ್ಕಾಯಾ ಅವರಿಗೆ ಬಿದ್ದ ಮತ ಹೊರಗಿನಿಂದಲೇ ಗುರುತಾಗುತ್ತದೆ. ಮತ ಹಾಕಿ ಬಂದವರು, ‘ಪೆಟ್ಟಿಗೆಯ ತುಂಬ ನೆರಿಗೆಯೇ’ ಎಂದು ಸಂಭ್ರಮಪಟ್ಟರು.

ಸರ್ಕಾರ ಘೋಷಿಸಿದ್ದು ಲುಕಾಶೆಂಕೊಗೆ ಶೇ 80, ಟಿಖಾನೊವ್ಸ್ಕಾಯಾಗೆ ಶೇ 10. 1994ರಿಂದ ಆತನೇ ಅಧ್ಯಕ್ಷ, ತಾತ. ನಾನು ಹುಟ್ಟುವ ಮುಂಚಿನಿಂದ! ಆಕೆ ಎರಡೇ ದಿನದಲ್ಲಿ ಲಿಥುವೇನಿಯಾಕ್ಕೆ ಹೋಗಬೇಕಾಯಿತು. ಬೀದಿಗಿಳಿದವರಲ್ಲಿ 6,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಎದುರುಮನೆಯ ಹುಡುಗ ಶುಕ್ರವಾರ ಬಿಡುಗಡೆಯಾಗಿ ಬಂದ. ಅಂಗಿ ಎತ್ತಿದರೆ ಬೆನ್ನೆಲ್ಲ ನೇರಳೆ ಬಣ್ಣ. ಮುಲಾಮು ಹಚ್ಚಲು ಬೆರಳೂರಲು ಜಾಗವಿರಲಿಲ್ಲ. ವೈದ್ಯಕೀಯ ಓದಲು ಬಂದವಳು ನಾನು, ಆದರೂ ಕೈ ನಡುಗಿತು.

ನೀವು ಫ್ರೀಡಂ ಪಾರ್ಕ್‌ನಲ್ಲಿ ಹಳೆಯ ಸೆಂಟ್ರಲ್ ಜೈಲಿನ ಗೋಡೆ ತೋರಿಸಿ, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಸ್ನೇಹಲತಾ ರೆಡ್ಡಿ ಇಲ್ಲೇ ಬಂಧಿಗಳಾಗಿದ್ದರು ಎಂದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಬಂದಾಗ ಇನ್ನೊಮ್ಮೆ ಕರೆದುಕೊಂಡು ಹೋಗಬೇಕು. 1977ರಲ್ಲಿ ನಮ್ಮಲ್ಲಿ ಮತ ಎಣಿಸಿದರು, ಸೋತವರು ಕುರ್ಚಿ ಬಿಟ್ಟು ಇಳಿದರು. ಅದು ಎಷ್ಟು ದೊಡ್ಡ ಮಾತು ಎಂದು ಈ ಅಜ್ಜಿಯ ಮುಖ ನೋಡಿದಾಗ ಗೊತ್ತಾಯಿತು.

ನಿನ್ನೆ ಭಾನುವಾರ ಊರಿಗೆ ಊರೇ ಮೆರವಣಿಗೆಯಲ್ಲಿತ್ತು. ಅಮ್ಮನಿಗೆ ಮಾತು ಕೊಟ್ಟಂತೆ ನಾನು ಹೋಗಲಿಲ್ಲ, ಅಜ್ಜಿ ಹೋಗಿದ್ದರು. ಜನ ಬೆಂಚು ಹತ್ತುವ ಮುನ್ನ ಶೂ ಬಿಚ್ಚಿಡುತ್ತಿದ್ದರಂತೆ, ನಾವು ಹೊಸ್ತಿಲ ಹೊರಗೆ ಬಿಡುವ ಹಾಗೆ. ಇಂಥವರನ್ನು ಹೊಡೆಯಲು ಮನಸ್ಸಾದರೂ ಹೇಗೆ ಬರುತ್ತದೆ?

ಬಿ.ಪಿ. ಮಾತ್ರೆ ತಪ್ಪಿಸಬೇಡಿ, ಮಾಸ್ಕ್ ಇಲ್ಲದೆ ಗಾಂಧಿ ಬಜಾರಿಗೆ ಹೋಗಬೇಡಿ. ಅಜ್ಜಿಯ ಪಟ್ಟಿ ಕೊಳೆಯಾಗಿದೆ. ಮುಂದಿನ ಭಾನುವಾರಕ್ಕೆಂದು ಇನ್ನೊಂದು ಸುರುಳಿ ತಂದಿಟ್ಟಿದ್ದೇನೆ.

ನಿಮ್ಮ ಪ್ರೀತಿಯ
ಪುಟ್ಟಿ