ಸ್ಪ್ರೇ ಟ್ಯಾನ್: ಬಾಟಲಿಗಿಂತ ಮೊದಲು ಚರ್ಮ ನೋಡಿ

ಮಾನ್ಯ ಸಂಪಾದಕರೇ,

ದುಡ್ಡು ಕೊಟ್ಟು ಕಪ್ಪಾಗುವವರೂ ಇದ್ದಾರೆಯೇ ಎಂದು ಕೇಳುವವರು ಮುಂಬಯಿಯ ಯಾವುದಾದರೂ ಉಪನಗರದ ಜಿಮ್ಮಿಗೆ ಹೋಗಿ ನೋಡಬಹುದು. ದೇಹದಾರ್ಢ್ಯ ಸ್ಪರ್ಧೆಗೆ ನಿಲ್ಲುವ ಹುಡುಗರಿಗೆ ಟ್ಯಾನ್, ಅಂದರೆ ಮೈಗೆ ದ್ರಾವಣ ಸಿಂಪಡಿಸಿ ಬರಿಸುವ ಕಂದು ಬಣ್ಣ, ಇಲ್ಲದೆ ಆಗುವುದಿಲ್ಲ. ವೇದಿಕೆಯ ಪ್ರಖರ ದೀಪ ಬಿದ್ದರೆ ವರ್ಷಗಟ್ಟಲೆ ಬೆವರು ಹರಿಸಿ ಮೂಡಿಸಿಕೊಂಡ ಸ್ನಾಯುಗಳ ಗೆರೆಗಳೇ ಮಾಸಿಹೋಗುತ್ತವೆ. ಇವರ ಜೊತೆಗೆ ಫಿಟ್‌ನೆಸ್ ಮಾಡೆಲಿಂಗ್ ಮಾಡುವವರು, ಗೋವಾದಲ್ಲಿ ಫೋಟೋಶೂಟ್ ಇಟ್ಟುಕೊಂಡವರು, ತೊನ್ನಿನ ಮಚ್ಚೆ ಮರೆಮಾಡಬೇಕೆನ್ನುವವರೂ ಇದ್ದಾರೆ. ಹೆಚ್ಚಿನವರು ಬಾಟಲಿಯನ್ನು ತಾವೇ ಆನ್‌ಲೈನಿನಲ್ಲಿ ತರಿಸಿಕೊಂಡು, ‘ಇದನ್ನೇ ಹೊಡೆಯಿರಿ’ ಎಂದು ಪಾರ್ಲರಿಗೆ ಬರುತ್ತಾರೆ. ಅದರ ಮೇಲೆ ‘ಡಾರ್ಕ್’, ‘ಅಲ್ಟ್ರಾ ಡಾರ್ಕ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಬಿಳಿಯರ ಚರ್ಮವನ್ನು ಲೆಕ್ಕಕ್ಕೆ ಹಿಡಿದು ಇಟ್ಟ ಹೆಸರುಗಳವು. ನಮ್ಮ ಮೈಬಣ್ಣಕ್ಕೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಬ್ಯೂಟಿಷಿಯನ್ ಕೆಲಸದಲ್ಲಿರುವ ನಾವು ಈ ಬಗ್ಗೆ ಕೆಲವು ಮಾತು ಬರೆಯುತ್ತಿದ್ದೇವೆ.

ದ್ರಾವಣದಲ್ಲಿ ಕೆಲಸ ಮಾಡುವ ವಸ್ತುವಿನ ಹೆಸರು ಡೈಹೈಡ್ರಾಕ್ಸಿಅಸಿಟೋನ್, ಬಳಕೆಯಲ್ಲಿ ಡಿಎಚ್‌ಎ. ಇದು ಸಕ್ಕರೆ ಜಾತಿಯದು. ಚರ್ಮದ ತೀರ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದೇ ಮೈಲಾರ್ಡ್ ಕ್ರಿಯೆಯಿಂದ. ಅಮೆರಿಕದ ಸಿನ್ಸಿನಾಟಿಯಲ್ಲಿ 1950ರ ದಶಕದಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ವಿಜ್ಞಾನಿ ಮಕ್ಕಳಿಗೆ ಇದನ್ನು ಔಷಧವಾಗಿ ಕುಡಿಸುತ್ತಿದ್ದಾಗ, ಮೈಮೇಲೆ ಚೆಲ್ಲಿದ ಕಡೆ ಕಂದು ಕಲೆ ಬೀಳುವುದನ್ನು ಕಂಡರು. ಬಟ್ಟೆಯ ಮೇಲೆ ಬಿದ್ದರೆ ಹಾಗಾಗುತ್ತಿರಲಿಲ್ಲ. ಬಣ್ಣ ಕಾಣತೊಡಗಲು 2ರಿಂದ 4 ಗಂಟೆ ಬೇಕು, ಪೂರ್ತಿ ಕೂರಲು ಹೆಚ್ಚುಕಡಿಮೆ ಒಂದು ದಿನ. ಸತ್ತ ಪದರ ಉದುರಿದಂತೆ ಅದೂ ಉದುರಿ 5ರಿಂದ 7 ದಿನದಲ್ಲಿ ಮಾಸುತ್ತದೆ.

ಹೊಡೆದ ಕೂಡಲೇ ಕಾಣುವ ಕಂದು ಡಿಎಚ್‌ಎಯದಲ್ಲ. ಎಲ್ಲಿ ತಾಗಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಹೊಡೆಯುವವರಿಗೆ ಗೊತ್ತಾಗಲಿ ಎಂದು ಬೆರೆಸಿದ ಬ್ರಾಂಜರ್ ಅದು, ಮೊದಲ ಸ್ನಾನದಲ್ಲೇ ತೊಳೆದುಹೋಗುತ್ತದೆ. ಕನ್ನಡಿಯಲ್ಲಿ ಅದನ್ನು ನೋಡಿ ‘ಇನ್ನೊಂದು ಕೋಟ್ ಹಾಕಿ’ ಎನ್ನುವವರ ಮೈ ಮರುದಿನ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ.

ಇನ್ನು ದ್ರಾವಣದಲ್ಲಿ ಡಿಎಚ್‌ಎ ಶೇಕಡಾ ಎಷ್ಟಿರಬೇಕೆಂಬ ಪ್ರಮಾಣ. 1975ರಲ್ಲಿ ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನು ಅದು ಬಿಸಿಲಿಗೆ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದರ ಮೇಲೆ ವಿಂಗಡಿಸಿದರು. ಮೊದಲು ಅದರಲ್ಲಿ ಬಿಳಿ ಚರ್ಮದ ವಿಧಗಳಷ್ಟೇ ಇದ್ದವು. ಕಂದು ಮತ್ತು ಕಪ್ಪು ಚರ್ಮದ 5, 6ನೇ ವಿಧಗಳು ಆಮೇಲೆ ಸೇರಿದವು. ನಮ್ಮವರಲ್ಲಿ ಬಹುಪಾಲು 4 ಮತ್ತು 5ನೇ ವಿಧದವರು. ಬಿಸಿಲಿಗೆ ಬೇಗ ಕೆಂಪೇರುವಷ್ಟು ಬೆಳ್ಳಗಿದ್ದರೆ ಶೇ. 8 ಸಾಕು. ಗೋಧಿ ಬಣ್ಣಕ್ಕೆ ಶೇ. 10, ಅದಕ್ಕಿಂತ ಕಂದಾಗಿದ್ದರೆ ಶೇ. 12. ಎಣ್ಣೆಗಪ್ಪು ಮೈಗೆ ಶೇ. 12ರಿಂದ 14ರದ್ದು ಹೊಡೆದರೂ ಬಣ್ಣ ಕಣ್ಣಿಗೆ ಹೊಡೆಯುವಷ್ಟು ಏರುವುದಿಲ್ಲ, ಮೈಯೆಲ್ಲ ಒಂದೇ ಸಮ ಕಾಣುತ್ತದೆ ಅಷ್ಟೇ. ವೇದಿಕೆಗೆ ಅದು ಬೇಕು, ಮದುವೆ ಮನೆಗೆ ದಂಡದ ಖರ್ಚು. ಸ್ಪರ್ಧೆಯ ದ್ರಾವಣಗಳಲ್ಲಿ ಇದಕ್ಕಿಂತ ಹೆಚ್ಚಿನ ಡಿಎಚ್‌ಎ ಇರುವುದೂ ಉಂಟು. ಯುರೋಪ್ ಒಕ್ಕೂಟ ಈಗ ಟ್ಯಾನಿಂಗ್ ಉತ್ಪನ್ನಗಳಿಗೆ ಶೇ. 10ರ ಮಿತಿ ಹಾಕಿದೆ; ಅದನ್ನು ಮೀರಿದ್ದನ್ನು ಕೊಳ್ಳುವವರು ಇಷ್ಟನ್ನಾದರೂ ತಿಳಿದು ಕೊಳ್ಳಲಿ.

ಹೆಚ್ಚು ಹಾಕಿದರೆ ಹೆಚ್ಚು ಕಂದಾಗುತ್ತದೆ ಎಂಬ ಲೆಕ್ಕ ಇಲ್ಲಿ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಮೇಲ್ಪದರದಲ್ಲಿ ಡಿಎಚ್‌ಎ ಜೊತೆ ಸೇರಬಲ್ಲ ಅಮೈನೋ ಆಮ್ಲ ಇರುವುದೇ ಅಷ್ಟು. ಅದು ಮುಗಿದ ಮೇಲೆ ಉಳಿದ ದ್ರಾವಣದಿಂದ ಮೈ ಒಣಗುತ್ತದೆ, ಬಣ್ಣ ಕಿತ್ತಳೆಗೆ ತಿರುಗುತ್ತದೆ, ಮಾಸುವಾಗ ಹಲ್ಲಿಯ ಮೈಯಂತೆ ಚಕ್ಕೆಚಕ್ಕೆಯಾಗುತ್ತದೆ.

ಪ್ರಮಾಣದಷ್ಟೇ ಮುಖ್ಯವಾದದ್ದು ಬೇಸ್ ಬಣ್ಣ. ಅಂಗಡಿಯವರೂ ಇದನ್ನು ಹೇಳುವುದಿಲ್ಲ. ಬ್ರಾಂಜರಿನಲ್ಲಿ ಹಸಿರು, ನೇರಳೆ, ಕಂದು ಎಂದು ಬೇರೆಬೇರೆ ಬೇಸ್‌ಗಳಿವೆ. ಹಸಿರು ಕೆಂಪನ್ನು ತಗ್ಗಿಸುತ್ತದೆ, ನೇರಳೆ ಹಳದಿಯನ್ನು. ನಮ್ಮಲ್ಲಿ ಅನೇಕರ ಚರ್ಮದೊಳಗೆ ಹಳದಿ ಛಾಯೆ ಇರುವುದರಿಂದ ಬರಿಯ ಕಂದು ಬೇಸಿನ ದ್ರಾವಣ ಕಿತ್ತಳೆಯಾಗಿ ಕಾಣುತ್ತದೆ. ಅಂಥವರಿಗೆ ನೇರಳೆ ಬೇಸ್ ಆಗಬೇಕು. ಕೆನ್ನೆ, ಎದೆ ಕೆಂಪಗಿರುವವರಿಗೆ ಹಸಿರು. ಛಾಯೆ ಪತ್ತೆ ಮಾಡಲು ಟ್ಯೂಬ್‌ಲೈಟ್ ಸಾಲದು. ಕಿಟಕಿಯ ಬೆಳಕಿನಲ್ಲಿ, ಅಪ್ಪಟ ಬಿಳಿ ಪಂಚೆಯ ತುಂಡನ್ನು ಕುತ್ತಿಗೆಯ ಬಳಿ ಹಿಡಿದು ನೋಡಬೇಕು.

ಇಷ್ಟಾದ ಮೇಲೂ ಊಹೆಯ ಮೇಲೆ ಮೈತುಂಬ ಹೊಡೆಸಿಕೊಳ್ಳಬೇಡಿ. ಮೊಣಕೈಯ ಒಳಗಡೆ ಒಂದೊಂದು ಅಂಗುಲದ ಮೂರು ಚೌಕ ಗುರುತು ಮಾಡಿ ಶೇ. 8, 10, 12ರ ದ್ರಾವಣವನ್ನು ಹತ್ತಿಯಲ್ಲಿ ಹಚ್ಚಿಸಿಕೊಳ್ಳಿ. 8 ಗಂಟೆ ನೀರು ತಾಗಿಸದೆ, ಆಮೇಲೆ ಬರೀ ನೀರಿನಲ್ಲಿ ತೊಳೆದು, 24 ಗಂಟೆಗೆ ಹಗಲು ಬೆಳಕಿನಲ್ಲಿ ನೋಡಿ. ಯಾವ ಚೌಕ ನಿಮ್ಮದೇ ಬಣ್ಣ ಒಂದೆರಡು ಮೆಟ್ಟಿಲು ಏರಿದಂತೆ ಕಾಣುತ್ತದೆಯೋ ಅದು ನಿಮ್ಮ ಪ್ರಮಾಣ. ಮೂರೂ ಪೇಲವವಾಗಿದ್ದರೆ ಬಹುಶಃ ಬಾಟಲಿಯೇ ಸತ್ತಿದೆ. ಡಿಎಚ್‌ಎಗೆ ಬಿಸಿ ಆಗದು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿಯೋ ಡೆಲಿವರಿಯವರ ಚೀಲದಲ್ಲಿಯೋ ಬೆಂದ ಬಾಟಲಿ, ಎಕ್ಸ್‌ಪೈರಿ ದಿನಾಂಕ ದೂರವಿದ್ದರೂ ಕೆಲಸಕ್ಕೆ ಬಾರದು. 48 ಗಂಟೆಯವರೆಗೆ ತುರಿಕೆ, ಗುಳ್ಳೆ ಬರುತ್ತದೆಯೇ ಎಂದೂ ಅದೇ ಚೌಕಗಳನ್ನು ನೋಡಿಕೊಳ್ಳಿ. ಬಂದರೆ ಕಾರಣ ಎಷ್ಟೋ ಸಲ ದ್ರಾವಣದಲ್ಲಿ ಬೆರೆಸಿದ ಸುಗಂಧ. ಸುಗಂಧವಿಲ್ಲದ್ದನ್ನು ಬೇರೆ ಕೈಯಲ್ಲಿ ಪರೀಕ್ಷಿಸಬಹುದು.

ಒಣ ಚರ್ಮ ದ್ರಾವಣವನ್ನು ಅಲ್ಲಲ್ಲಿ ಹೀರಿಕೊಂಡು ಕಲೆಕಲೆಯಾಗುತ್ತದೆ. ಅಂಥವರು ಆಲ್ಕೋಹಾಲ್ ಇರುವ ದ್ರಾವಣವನ್ನು ಬಿಟ್ಟು, ಡಿಎಚ್‌ಎ ಜೊತೆ ಎರಿಥ್ರುಲೋಸ್ ಎಂಬ ಇನ್ನೊಂದು ಸಕ್ಕರೆ ಬೆರೆತದ್ದನ್ನು ಆರಿಸಲಿ. ಅದರ ಬಣ್ಣ ನಿಧಾನವಾಗಿ ಏರುತ್ತದೆ, ಮಾಸುವಾಗಲೂ ಒಂದೇ ಸಮ ಮಾಸುತ್ತದೆ. ಎಣ್ಣೆ ಚರ್ಮಕ್ಕೆ ತದ್ವಿರುದ್ಧ: ಸ್ವಲ್ಪ ಆಲ್ಕೋಹಾಲ್ ಇದ್ದು ಬೇಗ ಒಣಗುವುದೇ ಒಳ್ಳೆಯದು, ಮುಂಬಯಿಯ ಮಳೆಗಾಲದಲ್ಲಂತೂ ಖಂಡಿತ. ಅದೇ ಬಾಟಲಿಯನ್ನು ಡಿಸೆಂಬರಿನ ಪುಣೆಯ ಒಣ ಚಳಿಗೆ ಒಯ್ದರೆ ಮೊಣಕಾಲು ಬಿರುಕು ಬಿಟ್ಟಂತೆ ಕಾಣುತ್ತದೆ. ಮೊಡವೆ ಇರುವ ಬೆನ್ನಿನಲ್ಲಿ ದ್ರಾವಣ ರಂಧ್ರಗಳಲ್ಲಿ ನಿಂತು ಕರಿ ಚುಕ್ಕಿಗಳಾಗುತ್ತವೆ; ಶೇವ್ ಮಾಡಿದ ದಿನವೇ ಹೊಡೆಸಿದರೂ ಅಷ್ಟೇ. ಶೇವಿಂಗ್, ವ್ಯಾಕ್ಸಿಂಗ್ ಎಲ್ಲ ಕನಿಷ್ಠ ಒಂದು ದಿನ ಮೊದಲು ಮುಗಿದಿರಬೇಕು. ಇಸುಬು, ಸೋರಿಯಾಸಿಸ್, ಗಾಯ ಇದ್ದ ಕಡೆ ಬೇಡ. ಬೆಳ್ಳಗಾಗಲೆಂದು ಸ್ಟೀರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳುವಾದವರು ಮುಖಕ್ಕೆ ಹೊಡೆಸಲೇಬಾರದು, ಮೊದಲು ಚರ್ಮವೈದ್ಯರಲ್ಲಿಗೆ ಹೋಗಬೇಕು. ಬಿಳಿಯಾಗಲು ಒಂದು ಟ್ಯೂಬು, ಕಪ್ಪಾಗಲು ಒಂದು ಬಾಟಲಿ, ಎರಡಕ್ಕೂ ಬಲಿಯಾಗುವುದು ಒಂದೇ ಚರ್ಮ.

ತೊನ್ನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಿಎಚ್‌ಎಗೆ ಮೆಲನಿನ್, ಅಂದರೆ ಚರ್ಮದ ಸಹಜ ಬಣ್ಣದ್ರವ್ಯ, ಬೇಕಾಗಿಲ್ಲ, ಆದ್ದರಿಂದ ಬಿಳಿ ಮಚ್ಚೆಯ ಮೇಲೂ ಅದು ಬಣ್ಣ ಕೊಡುತ್ತದೆ. ಮಚ್ಚೆ ಮರೆಮಾಡಲು ಚರ್ಮವೈದ್ಯರೂ ಇದನ್ನು ಸೂಚಿಸುವುದುಂಟು. ಆದರೆ ಇದು ಗುಣಪಡಿಸುವುದಿಲ್ಲ, ಹಾಗೆಂದು ಹೇಳಿ ದುಡ್ಡು ಕೇಳುವವರು ಸುಳ್ಳು ಹೇಳುತ್ತಿದ್ದಾರೆ. ಇದಕ್ಕೆ ಸ್ಪ್ರೇ ಗನ್ ಕೂಡದು, ಸುತ್ತಲಿನ ಚರ್ಮವೂ ಅಷ್ಟೇ ಕಪ್ಪಾಗಿ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಕಡಿಮೆ ಪ್ರಮಾಣದ, ಶೇ. 5-6ರ ದ್ರಾವಣದಿಂದ ಶುರುಮಾಡಿ, ಕಿವಿಕಡ್ಡಿಯಲ್ಲಿ ಅದ್ದಿ, ಕಡ್ಡಿಯನ್ನು ಬಾಟಲಿಯ ಬಾಯಿಗೆ ಒತ್ತಿ ಹೆಚ್ಚಿನದನ್ನು ತೆಗೆದು, ಮಚ್ಚೆಯ ನಡುವಿನಿಂದ ಅಂಚಿನ ಕಡೆಗೆ ಹಚ್ಚುತ್ತ ಅಂಚು ಮುಟ್ಟುವ ಮೊದಲೇ ನಿಲ್ಲಿಸಬೇಕು. ಅಂಚು ದಾಟಿದರೆ ಮಚ್ಚೆಯ ಸುತ್ತ ಕರಿ ಉಂಗುರ ಮೂಡಿ ಇದ್ದುದಕ್ಕಿಂತ ಎದ್ದು ಕಾಣುತ್ತದೆ. ಬಣ್ಣ ಸಾಲದಿದ್ದರೆ ಮರುದಿನ ಇನ್ನೊಂದು ಪದರ. ಒಮ್ಮೆಗೇ ದಪ್ಪ ಹಚ್ಚಬಾರದು. ಕೈ ಪದೇಪದೇ ತೊಳೆಯುವುದರಿಂದ ಬೆರಳುಗಳ ಮೇಲೆ ಬೇಗ ಮಾಸುತ್ತದೆ. ತುಟಿಗೆ, ಕಣ್ಣಂಚಿಗೆ ಹಚ್ಚುವಂತಿಲ್ಲ. ಮಚ್ಚೆ ಕಂದಾಯಿತೆಂದು ಸನ್‌ಸ್ಕ್ರೀನ್ ಬಿಡಬಾರದು, ಏಕೆಂದರೆ ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲ. ಟ್ಯಾನ್ ಮಾಡಿಸಿಕೊಂಡು ಗೋವಾದ ಬಾಗಾ ಬೀಚಿನಲ್ಲಿ ಮಲಗುವವರಿಗೂ ಇದೇ ಮಾತು.

ನಮ್ಮ ಮನೆಗಳ ಅಭ್ಯಾಸಗಳಲ್ಲಿ ಕೆಲವು ಟ್ಯಾನ್‌ಗೆ ಆಗಿಬರುವುದಿಲ್ಲ. ಹಿಂದಿನ ದಿನ ಎಣ್ಣೆಸ್ನಾನ ಮಾಡಿದ ಮೈಗೆ ದ್ರಾವಣ ಹಿಡಿಯದೆ ಗೀರುಗೀರಾಗುತ್ತದೆ. ಅರಿಶಿನ ಮೈಯಲ್ಲಿ ಉಳಿದಿದ್ದರೆ ನೇರಳೆ ಬೇಸಿನಿಂದಲೂ ಹಳದಿ ಹೋಗುವುದಿಲ್ಲ. ಸಾಮಾನ್ಯ ಸಾಬೂನು ಕ್ಷಾರೀಯ. ಮೈಮೇಲೆ ಉಳಿದರೆ ಬಣ್ಣ ಸರಿಯಾಗಿ ಏರದು. ಒಂದು ದಿನ ಮೊದಲು ಕಡಲೆಹಿಟ್ಟಿನಲ್ಲಿ ಮೈ ಉಜ್ಜಿ ಸತ್ತ ಚರ್ಮ ತೆಗೆದು, ಹೊಡೆಸುವ ದಿನ ಬರೀ ನೀರಿನಲ್ಲಿ ಸ್ನಾನ ಮಾಡಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಡಿಯೋಡರೆಂಟ್ ಬೇಡ, ಸ್ಪರ್ಧೆಯ ಗಾಢ ಬಣ್ಣ ಅದು ತಾಗಿದರೆ ಕಂಕುಳಲ್ಲಿ ಹಸಿರಾಗುತ್ತದೆ.

ಮೊಣಕೈ, ಮೊಣಕಾಲು, ಹರಡು, ಬೆರಳ ಗೆಣ್ಣುಗಳ ಚರ್ಮ ದಪ್ಪ, ಅಲ್ಲಿ ಬಣ್ಣ ಹೆಚ್ಚು ಕೂರುತ್ತದೆ. ತೆಳುವಾಗಿ ಕ್ರೀಮ್ ಸವರಿ ಹೊಡೆಯಬೇಕು. ಸಾಮಾನ್ಯ ಟರ್ಬೈನ್ ಗನ್ನಿನಲ್ಲಿ ಒಂದು ಕೋಟ್‌ಗೆ 50-60 ಎಂಎಲ್ ಸಾಕು, ಚರ್ಮದಿಂದ 15-20 ಸೆಂ.ಮೀ. ದೂರದಲ್ಲಿ ಹಿಡಿದು. ಹತ್ತಿರ ಹಿಡಿದರೆ ಸೋರಿ ಗೆರೆಯಾಗುತ್ತದೆ. ಹನಿಹನಿಯಾಗಿ ಉಗುಳುತ್ತಿದ್ದರೆ ನಾಝಲ್ ಕಟ್ಟಿದೆ. ಹಿಂದಿನ ಗಿರಾಕಿಯ ನಂತರ ಬಿಸಿನೀರಿನಲ್ಲಿ ತೊಳೆಯದ ಅಂಟು ಅದು. ಕೊನೆಗೆ ಅಂಗೈ, ಉಗುರು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಿಎಚ್‌ಎಗೆ ಒಪ್ಪಿಗೆ ಕೊಟ್ಟಿರುವುದು ಚರ್ಮದ ಹೊರಗೆ ಹಚ್ಚಲು ಮಾತ್ರ, ಕಣ್ಣು, ತುಟಿ, ಉಸಿರಿನ ದಾರಿಗೆ ಅಲ್ಲ. ಮೂಗಿಗೆ ಫಿಲ್ಟರ್, ಕಣ್ಣಿಗೆ ಮುಚ್ಚಳ, ತುಟಿಗೆ ವ್ಯಾಸಲೀನ್, ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಇಲ್ಲದ ಕಡೆ ಹೊಡೆಸಿಕೊಳ್ಳಬೇಡಿ. ಆಸ್ತಮಾ ಇರುವವರು, ಗರ್ಭಿಣಿಯರು ಸ್ಪ್ರೇ ಬಿಟ್ಟು, ವೈದ್ಯರನ್ನು ಕೇಳಿಯೇ ಲೋಷನ್ ಹಚ್ಚಲಿ.

ಮುಂಬಯಿಯಲ್ಲಿ ದೊಡ್ಡ ಶತ್ರು ಬೆವರು. ಮೊದಲ 8 ಗಂಟೆ ಬೆವರು ಹರಿದ ಕಡೆಯೆಲ್ಲ ಬಿಳಿ ಗೆರೆ ಬೀಳುತ್ತದೆ. ಸಂಜೆ 6ರ ಡೊಂಬಿವಲಿ ಲೋಕಲ್ ಹತ್ತುವವರಿಗೆ ನಮ್ಮ ಸಲಹೆ ಇಷ್ಟೇ: ರಾತ್ರಿ ಊಟವಾದ ಮೇಲೆ ಹೊಡೆಸಿ, ಸಡಿಲವಾದ ಕರಿ ಹತ್ತಿ ಬಟ್ಟೆ ಹಾಕಿ, ಫ್ಯಾನಿನಡಿ ಮಲಗಿ. ಬಾಟಲಿಯ ಮೇಲೆ ‘ಎಕ್ಸ್‌ಪ್ರೆಸ್’ ಎಂದಿರುವುದನ್ನು 2-4 ಗಂಟೆಗೆ ತೊಳೆಯಬಹುದು, ತೊಳೆದ ಮೇಲೂ ಬಣ್ಣ ಏರುತ್ತಲೇ ಇರುತ್ತದೆ.

ಸ್ಪರ್ಧಿಗಳು ಇನ್ನೊಂದು ಗಮನಿಸಬೇಕು. ಒರೆಸಿದರೆ ಕೈಗೆ ಬರುವ ಬಣ್ಣಗಳನ್ನು ದೇಹದಾರ್ಢ್ಯದ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಬಿಬಿಯ ನಿಯಮ ನಿಷೇಧಿಸುತ್ತದೆ. ಬರೀ ಬ್ರಾಂಜರ್ ಬಳಿದುಕೊಂಡು ಹೋದರೆ ವೇದಿಕೆಯ ಹಿಂದೆಯೇ ತಡೆಯಬಹುದು. ಹಿಂದಿನ ರಾತ್ರಿ ಎರಡು ತೆಳು ಕೋಟ್, ನಡುವೆ ಪೂರ್ತಿ ಒಣಗಲು ಬಿಡುವು, ಬೆಳಿಗ್ಗೆ ಬೇಕೆನಿಸಿದರೆ ಮಾತ್ರ ಮೂರನೆಯದು. ಜಿಮ್ಮುಗಳಲ್ಲಿ ಪಿಸುಮಾತಿನಲ್ಲಿ ಸಿಗುವ ಟ್ಯಾನಿಂಗ್ ಮಾತ್ರೆ, ‘ಮೆಲನೋಟಾನ್’ ಇಂಜೆಕ್ಷನ್ನುಗಳ ಹತ್ತಿರ ಸುಳಿಯಬೇಡಿ. ಮಾತ್ರೆಯಲ್ಲಿರುವ ಕ್ಯಾಂಥಾಕ್ಸಾಂಥಿನ್ ಕಣ್ಣಿನ ಅಕ್ಷಿಪಟಲದಲ್ಲಿ ಹರಳುಗಟ್ಟುತ್ತದೆ.

ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ತರಿಸಿ, ಲೇಬಲ್ಲಿನಲ್ಲಿ ಡಿಎಚ್‌ಎ ಶೇಕಡಾವಾರು ಇಲ್ಲದ ಬಾಟಲಿ ಬೇಡ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ವಿದೇಶಿ ಮಾಲಿಗೆ ಆಮದು ನೋಂದಣಿ ಇರಬೇಕು. ಆ ಸಂಖ್ಯೆ, ಆಮದುದಾರರ ವಿಳಾಸ, ಬ್ಯಾಚ್ ನಂಬರ್, ಬಳಕೆಯ ಅವಧಿ ಹುಡುಕಿ ನೋಡಿ. ಪಾರ್ಲರ್ ನಡೆಸುವ ನಮ್ಮವರಲ್ಲಿ ಒಂದು ವಿನಂತಿ: ಸಣ್ಣ ಬಾಟಲಿಗೆ ಸುರಿದಿಟ್ಟ ದ್ರಾವಣವನ್ನು ಗಿರಾಕಿಗೆ ತೋರಿಸಬೇಡಿ, ಮೂಲ ಬಾಟಲಿಯನ್ನೇ ಕೈಗೆ ಕೊಟ್ಟು ಓದಿಸಿ. ಗಿರಾಕಿಗಳಿಗೂ ಒಂದು ಮಾತು. ಸ್ಪರ್ಧೆಯೋ ಶೂಟಿಂಗೋ ಭಾನುವಾರವಿದ್ದರೆ ಕೈಯ ಮೇಲಿನ ಪರೀಕ್ಷೆ ಹಿಂದಿನ ಭಾನುವಾರವೇ ಆಗಲಿ. ಶನಿವಾರ ಸಂಜೆ ಬಂದು ಬಾಟಲಿ ಮುಂದಿಟ್ಟರೆ ಅದು ಹೊಂದುತ್ತದೆಯೋ ಇಲ್ಲವೋ ಎಂದು ಯಾವ ಬ್ಯೂಟಿಷಿಯನ್ನೂ ಹೇಳಲಾರಳು.

ಇತಿ,
ಕನ್ನಡಿಗ ಬ್ಯೂಟಿಷಿಯನ್‌ಗಳು
ಡೊಂಬಿವಲಿ ಮತ್ತು ಭಾಂಡುಪ್, ಮುಂಬಯಿ