ಸೂಪರ್‌ವೈಸರ್‌ಗೂ ಪಿಎಫ್ ಇತ್ತಲ್ವಾ?

ಪ್ರೀತಿಯ ಮಗಳೇ,

'ನೀವು' ಅಂತಲೇ ಶುರು ಮಾಡಿದ್ದೆ. ಎರಡು ಸಾಲಿಗೇ ಪೆನ್ನು ನಿಂತಿತು. 'ನೀನು' ಅಂತ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ನೀನು ಬರೆದ ಕಾದಂಬರಿ ಓದಿ ಮುಗಿಸಲು ನಾಲ್ಕು ದಿನ ಬೇಕಾಯಿತು. ಕಣ್ಣು ಮೊದಲಿನ ಹಾಗಿಲ್ಲ. 'ಇದು ಕಾದಂಬರಿಯಲ್ಲ, ಕರಪತ್ರ' ಅಂತ ಪ್ರಕಾಶಕರೊಬ್ಬರು ವಾಪಸ್ ಕಳಿಸಿದರಂತೆ. ಇನ್ನು ಬರೆಯುವುದೇ ಬೇಡ ಅನ್ನಿಸಿದೆಯಂತೆ. ಪತ್ರಿಕೆ ಕೆಲಸ ಬಿಡಲೇ, ಅಧ್ಯಾಯ ಎಷ್ಟುದ್ದ ಇರಬೇಕು, ಬೇರೆ ಪ್ರಕಾಶಕರನ್ನು ಹಿಡಿಯುವುದು ಹೇಗೆ ಅಂತೆಲ್ಲ ಕೇಳಿದ್ದೀಯ. ಸಂಬಳದ ಕೆಲಸ ಬಿಡಬೇಡ. ಉಳಿದದ್ದೆಲ್ಲ ಹೇಗೋ ಆಗುತ್ತೆ.

ಕರಪತ್ರ ಅಂದದ್ದಕ್ಕೆ ಸಿಟ್ಟು ಬಂದಿರಬೇಕು. ನನಗೂ ಬಂತು. ಹೊಲಿಗೆ ಮಿಷನ್‌ಗಳ ಲೈನಿನಲ್ಲಿ ಕೂತ ಹೆಂಗಸು ನೀರು ಕುಡಿಯದೇ ಮಧ್ಯಾಹ್ನದವರೆಗೆ ತಡೆಯುವುದನ್ನು ಬರೆದಿದ್ದೀಯಲ್ಲ, ಶೌಚಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತೆ ಅಂತ, ಆ ಎರಡು ಪುಟ ಯಾವ ಕರಪತ್ರದಲ್ಲೂ ಬರುವಂಥದ್ದಲ್ಲ. ಟೈಲರ್ ಆಗಿದ್ದ ಅಮ್ಮನ ಮಗಳಿಗೆ ಮಾತ್ರ ಗೊತ್ತಿರುವ ಸಂಗತಿ ಅದು.

ಆದರೆ ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ಹಸ್ತಪ್ರತಿ ಮುಚ್ಚಿಟ್ಟುಬಿಟ್ಟೆ.

2016ರ ಏಪ್ರಿಲ್ 18, 19. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷ ತುಂಬುವವರೆಗೆ ಕೈಗೆ ಸಿಗಲ್ಲ ಅನ್ನುವ ಹೊಸ ನಿಯಮ. ಮಕ್ಕಳ ಫೀಸು, ಮದುವೆ, ಸಾಲ ಎಲ್ಲಕ್ಕೂ ಅದೇ ದುಡ್ಡನ್ನು ನಂಬಿದ್ದವರು ರಸ್ತೆಗೆ ಬಂದರು. ನಾನು ಆಗ ಬೆಂಗಳೂರಿನ ಹೊಸೂರು ರಸ್ತೆಯಲ್ಲಿದ್ದೆ. ನಿನ್ನ ಕಾದಂಬರಿಯಲ್ಲಿ ಕಾರ್ಮಿಕ ಸಂಘದ ಮುಖಂಡ ಲಾರಿ ಹತ್ತಿ ಭಾಷಣ ಮಾಡುತ್ತಾನೆ, ಹೆಂಗಸರು ಅವನ ಹಿಂದೆ ಹೊರಡುತ್ತಾರೆ. ನಾನು ಕಂಡದ್ದು ಹಾಗಲ್ಲ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. 'ಯಾರು ಕರೆದರಮ್ಮಾ?' ಅಂತ ಒಬ್ಬಳನ್ನು ಕೇಳಿದೆ. 'ಯಾರೂ ಇಲ್ಲ ಸಾರ್, ಪಕ್ಕದ ಫ್ಯಾಕ್ಟರಿಯವರು ಎದ್ದು ಬಂದ್ರು, ನಾವೂ ಎದ್ವಿ' ಅಂದಳು. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ನಮ್ಮ ಮುಖಂಡರು ಆಮೇಲೆ ಬಂದು ಫೋಟೋಗೆ ನಿಂತರು.

ಇದು ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನಮ್ಮ ಅಲ್ಲೇ ಇದ್ದರಲ್ಲ. ಗೊತ್ತಿದ್ದೂ ಆ ಲಾರಿ ತಂದು ನಿಲ್ಲಿಸಿದ್ದೀಯ. ಯಾಕೆ ಅಂತ ನನಗೆ ಗೊತ್ತು, ನಾನೂ ಅದನ್ನೇ ಮಾಡಿದವನು.

ಕಾರ್ಮಿಕರ ಸುದ್ದಿ ಬರೆಯುತ್ತಿದ್ದ ದಿನಗಳಲ್ಲಿ ಒಂದು ದೊಡ್ಡ ಮುಷ್ಕರ ನಡೆಯಿತು. ಮುಖಂಡ ನನ್ನ ಗೆಳೆಯ. ಒಂದು ರಾತ್ರಿ ಅವನು ಮಾಲೀಕರ ಮನೆಗೆ ಹೋಗಿ ಬಂದ. ಮರುದಿನ ಮುಷ್ಕರ ಮುರಿಯಿತು. ಹೋಗಿದ್ದು ನನಗೆ ಗೊತ್ತಿತ್ತು. ಬರೆಯಲಿಲ್ಲ. ಬರೆದರೆ ಎದುರಿನವರ ಕೈಗೆ ಕೋಲು ಕೊಟ್ಟ ಹಾಗಾಗುತ್ತೆ ಅಂತ ಬಳಗದವರೂ ಅಂದರು, ನನಗೂ ಅದು ಅನುಕೂಲವಾಗಿತ್ತು. ಪತ್ರಿಕೆಯಲ್ಲಿ ಬಿಟ್ಟದ್ದನ್ನು ಕಾದಂಬರಿಯಲ್ಲಿ ಹೇಳುತ್ತೇನೆ ಅಂದುಕೊಂಡೆ. ಕಾದಂಬರಿಯಲ್ಲಿ ಅವನು ಹುತಾತ್ಮನೇ ಆಗಿಬಿಟ್ಟ! ಬಹುಮಾನ ಬಂತು. ಬಳಗ ಹೊಗಳಿತು. ಕೆಲಸ ಕಳಕೊಂಡಿದ್ದ ಕಾರ್ಮಿಕನೊಬ್ಬ ಪುಸ್ತಕ ಓದಿ ಮನೆಗೆ ಬಂದ. ಟೀ ಕುಡಿದ. ಹೊರಡುವಾಗ, 'ಎಲ್ಲಾ ಚೆನ್ನಾಗಿದೆ ಸಾರ್, ಆ ರಾತ್ರಿ ಒಂದು ಇಲ್ಲ' ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಬಹುಮಾನದ ಫಲಕ ಈಗ ಎಲ್ಲಿದೆಯೋ. ಮನೆ ಬದಲಿಸುವಾಗ ಹೋಯಿತು ಅಂತ ಕಾಣುತ್ತೆ.

ಕಾಸರಗೋಡಿನ ಕಡೆಯ ಕಯ್ಯೂರಿನ ರೈತ ಹೋರಾಟದ ಕಥೆ ನಿನಗೆ ಗೊತ್ತು. ನಿರಂಜನರು ಅದನ್ನು 'ಚಿರಸ್ಮರಣೆ' ಕಾದಂಬರಿ ಮಾಡಿದರು. 1943ರ ಮಾರ್ಚ್ 29ರಂದು ನಾಲ್ವರು ರೈತರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಐದನೆಯವನು ಇನ್ನೂ ಹುಡುಗ, ವಯಸ್ಸು ಸಾಲದೆಂದು ಉಳಿದ. ಇಪ್ಪತ್ತರಲ್ಲಿ ಆ ನಾಲ್ವರಿಗಾಗಿ ಅತ್ತಿದ್ದೇನೆ, ಈಗಲೂ ಗಂಟಲು ಕಟ್ಟುತ್ತೆ. ಆದರೆ 1941ರಲ್ಲಿ ಆ ರೈತರು ಮೆರವಣಿಗೆ ಹೊರಟ ದಿನ ಹೊಳೆಯಲ್ಲಿ ಸತ್ತ ಪೊಲೀಸ್ ಪೇದೆಯೊಬ್ಬ ಇದ್ದಾನೆ, ಅವರಿಗೆ ಗಲ್ಲಾದದ್ದು ಆ ಸಾವಿನ ಕೇಸಿನಲ್ಲೇ. ಆ ಪೇದೆ ಮನೆಯಿಂದ ಹೊರಟಾಗ ಏನು ಹೇಳಿ ಬಂದಿರಬಹುದು? ಇತ್ತೀಚೆಗೆ ಇದೊಂದು ನಿದ್ದೆ ಕೆಡಿಸುತ್ತೆ. ರೈತರ ಪಕ್ಷ ಬಿಟ್ಟೆ ಅಂತ ತಿಳಿಯಬೇಡ ಕಣಮ್ಮಾ, ಬಿಟ್ಟಿಲ್ಲ.

ನಿನ್ನ 240 ಪುಟಗಳಲ್ಲಿ ಲೈನ್ ಸೂಪರ್‌ವೈಸರ್ ಒಬ್ಬನಿದ್ದಾನೆ. ಬರೀ ಕಿರುಚುತ್ತಾನೆ. ಅವನು ಕಿರುಚುವುದು ನಿಜ, ನಾನೇ ಕೇಳಿದ್ದೇನೆ. ಗಂಟೆಗೆ ಇಷ್ಟು ಪೀಸ್ ಆಗದಿದ್ದರೆ ಮೇಲಿನವನು ಅವನ ಮೇಲೆ ಕಿರುಚುತ್ತಾನೆ, ಅದು ನಿನ್ನಲ್ಲಿ ಇಲ್ಲ. ಹೋಗಲಿ. 18ರ ಬೆಳಿಗ್ಗೆ ಮಿಷನ್‌ಗಳು ನಿಂತಾಗ ಅವನು ಏನು ಮಾಡಿದ? ಅವನದೂ ಪಿಎಫ್ ಇತ್ತಲ್ವಾ? ಗೇಟಿನ ಹತ್ತಿರ ನಿಂತು ತಡೆದನೋ, ಸುಮ್ನೆ ಬಾಗಿಲು ತೆಗೆದನೋ? ಅವನಿಗಾಗಿ ನೀನು ಒಂದು ಪುಟವನ್ನೂ ಕೊಟ್ಟಿಲ್ಲ. ಲಾರಿಗೆ ಆರು ಪುಟ ಕೊಟ್ಟಿದ್ದೀಯ.

ಲಾರಿ ತೆಗೆದರೆ ನಿನ್ನ ಸಂಘದ ಗೆಳೆಯರು ಮುನಿಸಿಕೊಳ್ಳುತ್ತಾರೆ. ಬಿಡುಗಡೆ ಸಮಾರಂಭಕ್ಕೆ ಜನ ಕಡಿಮೆ ಆಗಬಹುದು. ನನಗೂ ಆ ಹೆದರಿಕೆ ಇತ್ತು, ಅದಕ್ಕೇ ಹೇಳುತ್ತಿದ್ದೇನೆ.

ಮುನ್ನುಡಿ ಕೇಳಿದ್ದೀಯ. ಈಗ ಬರೆಯಲ್ಲ. ಇಡೀ ಕಾದಂಬರಿಯಲ್ಲಿ ಆ ಸೂಪರ್‌ವೈಸರ್‌ಗೆ ಹೆಸರೇ ಇಲ್ಲ, ನೋಡಿದೆಯಾ? ನಿನ್ನಮ್ಮನನ್ನು ಕೇಳು. ಅಷ್ಟು ವರ್ಷ ಬೈಸಿಕೊಂಡವರು, ಹೆಸರು ಮರೆತಿರಲ್ಲ.