ದೀಪ ಹಚ್ಚಿ ಹೊರಡಬೇಡಿ: ಕೊಡಗಿನ ಇಬ್ಬರು ಶಾಸಕರಿಗೆ ಬಹಿರಂಗ ಪತ್ರ

ಮಡಿಕೇರಿ, ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರೇ, ನಮಸ್ಕಾರ.

ಪಶ್ಚಿಮ ಘಟ್ಟದಲ್ಲಿ ಗಣಿಗಾರಿಕೆ, ದೊಡ್ಡ ಕಟ್ಟಡಗಳಂಥವಕ್ಕೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೇ ಸಲ ಹೊರಬಿತ್ತು. ಆಕ್ಷೇಪಣೆಗೆ ಕೊಟ್ಟದ್ದು 60 ದಿನ. ಇಂಥ ಹೊತ್ತಿನಲ್ಲಿ ಪರ ಇರುವವರು ಒಂದು ಸಭಾಂಗಣದಲ್ಲಿ, ವಿರೋಧಿಸುವವರು ಇನ್ನೊಂದರಲ್ಲಿ ಸೇರಿ ತಮ್ಮವರ ಚಪ್ಪಾಳೆ ಗಿಟ್ಟಿಸುತ್ತಾರೆ. ಇಬ್ಬರನ್ನೂ ಒಂದು ಸಂವಾದದಲ್ಲಿ ಎದುರುಬದುರು ಕೂರಿಸುವ ಕೆಲಸ ನಿಮ್ಮದು.

ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಇಡೀ ಘಟ್ಟವನ್ನೇ ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯ ಮಾಡಿತು. ಗ್ರಾಮಸಭೆಗಳ ಚರ್ಚೆಯ ನಂತರವೇ ಅಂತಿಮವಾಗಲಿ ಎಂದಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಹರಡಿಕೊಂಡು, ಊರು ತೋಟಗಳನ್ನು ಬಿಟ್ಟು, ಸುಮಾರು ಶೇಕಡಾ 37ರಷ್ಟನ್ನು ಗುರುತಿಸಿತು. ಹಾಗಾದರೆ ನೆಲದ ಬಗ್ಗೆ ತೀರ್ಮಾನ ಯಾರದ್ದು? ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರು ಪರಂಪರೆ ಮುಂದಿಡುತ್ತಾರೆ. ಆದಿವಾಸಿ ಜೇನುಕುರುಬರು 2006ರ ಅರಣ್ಯ ಹಕ್ಕು ಕಾಯ್ದೆ ಎತ್ತುತ್ತಾರೆ. ಲೈನ್‌ಮನೆಯ (ತೋಟದ ಕೂಲಿಕಾರರ ಸಾಲುಮನೆ) ಆದಿವಾಸಿ ಯರವರನ್ನು ಯಾರೂ ಕೇಳುವುದೇ ಇಲ್ಲ.

ವೇದಿಕೆಗೆ ನಾಲ್ವರು ಸಾಕು: ಭಿನ್ನಾಭಿಪ್ರಾಯದ ಇಬ್ಬರು ಚಿಂತಕರು, ಹಾಡಿಯಿಂದ (ಆದಿವಾಸಿಗಳ ವಸತಿ) ಒಬ್ಬರು, ಒಬ್ಬ ನಿರ್ವಾಹಕರು. ಮಾತಿಗೆ ತಲಾ 15 ನಿಮಿಷ. ಅದರಲ್ಲಿ ಮೊದಲ ಎರಡು ನಿಮಿಷ, ಎದುರಿನವರ ವಾದವನ್ನು ಅವರೇ ತಲೆದೂಗುವಂತೆ ಹೇಳಬೇಕು. ಇದೊಂದು ನಿಯಮ ಕೈಬಿಟ್ಟರೆ ಸಂವಾದ ಬೈದಾಟಕ್ಕೆ ಇಳಿಯುತ್ತದೆ. ಸ್ವಾಗತ, ಹಾರ, ಶಾಲು, ಸ್ಮರಣಿಕೆ ಎಲ್ಲಾ ಸೇರಿ ಐದು ನಿಮಿಷ ಮೀರಕೂಡದು (ಸಂಘಟಕರು ಮುನಿಸಿಕೊಳ್ಳುವುದು ಇಲ್ಲೇ!). ಪ್ರಶ್ನೆಗಳಿಗೆ ಒಂದೂವರೆ ಗಂಟೆ.

ಪ್ರಶ್ನೆ ಕೇಳುವವರ ಕೈಗೆ ಮೈಕ್ ಕೊಟ್ಟರೆ ಪ್ರಶ್ನೆ ಭಾಷಣವಾಗುತ್ತದೆ, ಸ್ವಯಂಸೇವಕರೇ ಹಿಡಿದಿರಲಿ. ಚೀಟಿಯಲ್ಲಿ ಬರೆಸಿದರೆ ಬರೆಯಲು ಬಾರದವರು ಹೊರಗುಳಿಯುತ್ತಾರೆ, ಮುಜುಗರದ ಚೀಟಿ ಕಾಣೆಯಾಗುತ್ತದೆ. ಮೊದಲ ಐದು ಪ್ರಶ್ನೆ ಹಾಡಿ ಮತ್ತು ಲೈನ್‌ಮನೆಯವರಿಗೆ ಮೀಸಲಿರಲಿ. ಅವರು ತಮ್ಮ ತಮ್ಮ ಭಾಷೆಯಲ್ಲೇ ಕೇಳಲಿ, ಕನ್ನಡಕ್ಕೆ ಹೇಳುವವರು ಪಕ್ಕದಲ್ಲಿರಲಿ. ಕೊಡವ ತಕ್ಕ್, ಅರೆಭಾಷೆ ಆಡುವವರಿಗೂ ಇದೇ ಏರ್ಪಾಡು.

ದಿನ ನಿಗದಿ ಮಾಡುವಾಗ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಡ, ಕಾಫಿ ಕೊಯ್ಲಿನಲ್ಲಿ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಮಳೆಗಾಲವೂ ಬೇಡ. ಏಪ್ರಿಲ್‌ನ ಭಾನುವಾರ ಮಧ್ಯಾಹ್ನ ಒಂದೂವರೆಗೆ ಶುರುಮಾಡಿ ನಾಲ್ಕೂವರೆಗೆ ಮುಗಿಸಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಭಯ.

ಕೊನೆಗೆ ನಿರ್ಣಯ ಓದುವುದು ಬೇಡ. ಒಪ್ಪಿದ್ದು, ಒಪ್ಪದ್ದು ಎರಡನ್ನೂ ಬೇರೆ ಬೇರೆ ಬರೆದು, ಓದಿ ಹೇಳಿ, ರಾಜ್ಯ ಸರ್ಕಾರಕ್ಕೆ ನೀವು ಬರೆಯುವ ಪತ್ರಕ್ಕೆ ಲಗತ್ತಿಸಿ. ಮೊದಲ ಸಂವಾದ ಮಡಿಕೇರಿಯಲ್ಲಿ ಬೇಡ, ತೋಟಗಳ ನಡುವಿನ ಸಿದ್ದಾಪುರದಲ್ಲಿ ಆಗಲಿ. ನೀವಿಬ್ಬರೂ ಮೂರು ಗಂಟೆಯೂ ಸಭಿಕರ ನಡುವೆ ಕುಳಿತಿರಬೇಕು. ದಿನಾಂಕ ತಿಳಿಸಿ.

ಇಂತಿ,
ಕೊಡಗಿನ ಕೆಲವು ಸಂವಾದ ಸಂಘಟಕರು